ಬಾಗಿದ ಮೊಹರು

ಗಾಜಿನ ಆಚೆ ಕೂತು ಕಿಕುಚಿ ಎಂಬ ಹೆಂಗಸು ಬೆಳಗಿನ ಸಮುದ್ರದ ವರದಿ ಓದುತ್ತಿದ್ದಳು. ಕೊಲ್ಲಿಯ ಒಳಗೆ ಅಲೆಯ ಎತ್ತರ ಅರ್ಧ ಮೀಟರು, ಹೊರಗೆ ಒಂದೂವರೆ, ಗಾಳಿ ಈಶಾನ್ಯದಿಂದ, ಮಧ್ಯಾಹ್ನದ ಮೇಲೆ ಮೋಡ. ಆಮೇಲೆ ಏನೂ ಇಲ್ಲ. ತೊಕಿತಾ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಅವಳ ಧ್ವನಿ ಇಲ್ಲವಾಗಿತ್ತು. ಗಾಜಿನಾಚೆ ಅವಳ ತುಟಿ ಮಾತ್ರ ಅಲ್ಲಾಡುತ್ತಲೇ ಇತ್ತು. ಬಾವಿಯಲ್ಲಿ ಮುಳುಗಿದ ಕೊಡ ಮೇಲೆ ಬಂದ ಹಾಗೆ 'ಸಣ್ಣ ದೋಣಿಯವರು ಎಚ್ಚರದಿಂದ' ಎಂದು ಧ್ವನಿ ವಾಪಸು ಬಂತು. ಒಂದು ಕೆಮ್ಮು ಬಂದು ಹೋಗುವಷ್ಟು ಹೊತ್ತು, ಎರಡು ಸೆಕೆಂಡೂ ಇರಲಾರದು. ತೊಕಿತಾ ಸುತ್ತ ನೋಡಿದ. ಪಕ್ಕದ ಕುರ್ಚಿಯಲ್ಲಿ ಅವನ ವಿಭಾಗದ ಮುಖ್ಯಸ್ಥ ಕುರೊಯ್ವಾ, ಹೆಣ್ಣುಮಕ್ಕಳ ಹಬ್ಬಕ್ಕೆಂದು ಯಾರೋ ತಂದಿಟ್ಟಿದ್ದ ಬಣ್ಣದ ಅಕ್ಕಿಪುರಿಯನ್ನು ಒಂದೊಂದೇ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರ ಕಿವಿಯಲ್ಲಿ ಹೆಡ್‌ಫೋನು ಇರಲಿಲ್ಲ. ಬಾಗಿಲ ಹತ್ತಿರ ಈ ಊರಿನ ರೇಡಿಯೊ ನಿಲಯದ ತಂತ್ರಜ್ಞ ಒನೊದೆರಾ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ. ಯಾರೂ ಕೇಳಿಸಿಕೊಂಡಿಲ್ಲ. ತನಗೆ ಮಾತ್ರ ಕೇಳಿಸಿತೆಂದರೆ ಅದು ನಡೆದದ್ದೇ ಹೌದೇ, ನಿದ್ದೆಗೆಟ್ಟ ಕಿವಿಯ ಚೇಷ್ಟೆಯೇ ಎಂದು ಅವನು ತನ್ನನ್ನೇ ಕೇಳಿಕೊಂಡ. ಕೇಳಿಕೊಳ್ಳುವಾಗಲೇ ಅವನಿಗೆ ಉತ್ತರ ಗೊತ್ತಿತ್ತು.

ಅದು ಯಾಕೆ ಆಯಿತೆಂಬುದೂ ಅವನಿಗೆ ಗೊತ್ತಿತ್ತು, ಭಯ ಅದರದೇ. ಆರು ತಿಂಗಳಿಂದ ಗೊತ್ತಿತ್ತು. ಟೋಕಿಯೊದ ಅವರ ಕಂಪನಿ ಈ ನಿಲಯಕ್ಕೆ ಕಟ್ಟಿಕೊಟ್ಟ ಹೊಸ ಯಂತ್ರದಿಂದ ಧ್ವನಿ ಈಗ ಧ್ವನಿಯಾಗಿ ಹೊರಡುವುದಿಲ್ಲ, ಅಂಕಿಗಳಾಗಿ ಹೊರಡುತ್ತದೆ. ಹೊರಟು ಕಾರಿಡಾರು ದಾಟಿ, ಹಿತ್ತಲಿನ ದಿಬ್ಬ ಹತ್ತಿ, ಎಪ್ಪತ್ತು ಮೀಟರು ತಂತಿಯಲ್ಲಿ ಓಡಿ ಪ್ರಸಾರದ ಕೋಣೆ ಸೇರುತ್ತದೆ. ಅಲ್ಲಿರುವ ಪೆಟ್ಟಿಗೆ ಆ ಅಂಕಿಗಳನ್ನು ಎಣಿಸಿ ಮತ್ತೆ ಧ್ವನಿ ಮಾಡುತ್ತದೆ. ಎಣಿಕೆ ತಪ್ಪಿದರೆ ಅದು ಗೊರಗೊರ ಎನ್ನುವುದಿಲ್ಲ, ಹಳೆಯ ಯಂತ್ರಗಳ ಹಾಗೆ ಮಂಕಾಗುವುದೂ ಇಲ್ಲ. ಮೊದಲಿಂದ ಎಣಿಸಿ ಸರಿಹೋಗುವವರೆಗೆ ಬಾಯಿ ಮುಚ್ಚಿ ಕೂರುತ್ತದೆ. ಇವತ್ತು ಮಧ್ಯಾಹ್ನ ಮೂರಕ್ಕೆ ಊರಿನ ಕವಾಯತು. ಅರವತ್ತು ವರ್ಷದ ಹಿಂದೆ ಇದೇ ಮಾರ್ಚ್ ಮೂರರಂದು ಈ ಕರಾವಳಿಗೆ ಬಂದ ಸುನಾಮಿ ಅಲೆಯ ನೆನಪಿಗೆ ಪ್ರತಿವರ್ಷ ಕಿಕುಚಿ ಎಚ್ಚರಿಕೆ ಓದುತ್ತಾಳೆ, ಜನ ಮನೆ ಬಿಟ್ಟು ದೇವಾಲಯದ ಮೆಟ್ಟಿಲು ಹತ್ತುತ್ತಾರೆ. ಇವತ್ತಿನದು ಕವಾಯತು. ನಾಳೆ, ನಾಡಿದ್ದು, ಇನ್ಯಾವುದೋ ವರ್ಷ, ಕವಾಯತಲ್ಲದ ದಿನ ಬಂದೇ ಬರುತ್ತದೆ. ಆ ದಿನವೂ ಇದೇ ತಂತಿ ಇರುತ್ತದೆ. ಈ ಯೋಚನೆ ಬಂದಾಗೆಲ್ಲ ತೊಕಿತಾ ಅದನ್ನು ಅರ್ಧಕ್ಕೇ ಬಿಟ್ಟು ಬೇರೆ ಯಾವುದಾದರೂ ಸಣ್ಣ ಕೆಲಸ ಹುಡುಕುತ್ತಿದ್ದ. ಈಗಲೂ ಹೆಡ್‌ಫೋನಿನ ತಂತಿಯನ್ನು ಬಿಚ್ಚಿ ಸುತ್ತಿ ಮತ್ತೆ ಬಿಚ್ಚಿದ.

'ಕಡಿಮೆಯಲ್ಲಿ ಕೊಡು, ಹೆಚ್ಚಿನಲ್ಲಿ ತಗೋ.' ಕುರೊಯ್ವಾ ಜನ್ಮವಿಡೀ ಜಪಿಸಿದ ಮಂತ್ರ ಅದು. ಅವರ ಕಸುಬಿನವರಿಗೆಲ್ಲ ಅದು ಬಾಯಿಪಾಠ. ಕಳಿಸುವ ತುದಿಯ ಒಳ ಅಡ್ಡಿ ಕಡಿಮೆ ಇರಲಿ, ತೆಗೆದುಕೊಳ್ಳುವ ತುದಿಯದು ಹೆಚ್ಚಿರಲಿ, ಧ್ವನಿ ದಾರಿಯಲ್ಲಿ ಸೊರಗುವುದಿಲ್ಲ. ಮೈಕಿಗೂ ಯಂತ್ರಕ್ಕೂ ನಡುವೆ ಮೂವತ್ತೈದು ವರ್ಷ ಈ ಮಂತ್ರ ಅನ್ನ ಕೊಟ್ಟಿತ್ತು, ಸುಳ್ಳೆನ್ನುವಂತಿಲ್ಲ. ಅಂಕಿಗಳಿಗೆ ಮಾತ್ರ ಅದು ಒಗ್ಗುವುದಿಲ್ಲ. ಕಳಿಸುವ ತುದಿ, ತಂತಿ, ತೆಗೆದುಕೊಳ್ಳುವ ತುದಿ ಮೂರೂ ನೂರಹತ್ತು ಓಮು ಅಡ್ಡಿಗೆ ಒಂದಕ್ಕೊಂದು ಹೊಂದಿರಬೇಕು. ಹೊಂದದಿದ್ದರೆ ತುದಿ ಮುಟ್ಟಿದ ಅಲೆಯಲ್ಲಿ ಒಂದು ಪಾಲು ತಿರುಗಿ ಬರುತ್ತದೆ. ಕಳಿಸುವ ಈ ತುದಿಯಾದರೂ ಹೊಂದಿದ್ದರೆ ಅದನ್ನು ಇಲ್ಲೇ ನುಂಗಿಕೊಳ್ಳುತ್ತದೆ, ಇಲ್ಲದಿದ್ದರೆ ಮತ್ತೆ ಆಚೆಗೆ ಅಟ್ಟುತ್ತದೆ. ಹಿಂದೆ ಬಂದದ್ದು ಮುಂದೆ ಹೋಗುವ ಅಂಕಿಯ ಮೇಲೆ ಕೂತು ಅದನ್ನು ಕೆಡಿಸುತ್ತದೆ. ಆರು ತಿಂಗಳ ಹಿಂದೆ ನಕ್ಷೆ ಅವನ ಮೇಜಿಗೆ ಬಂದಾಗ ಕಳಿಸುವ ತುದಿಯಲ್ಲಿ, ಯಂತ್ರದ್ದೇ ಅಲ್ಪ ಅಡ್ಡಿಯ ಜೊತೆ ಸೇರಿ ನೂರಹತ್ತು ತುಂಬಿಸಲು ಎರಡು ರೆಸಿಸ್ಟರು, ಅಂದರೆ ಅಡ್ಡಿ ಒಡ್ಡುವ ಪುಟ್ಟ ಬಿಡಿಭಾಗಗಳು, ಇರಬೇಕಾದ ಕಡೆ ಬರಿಯ ಗೆರೆ ಎಳೆದಿತ್ತು. ತೊಕಿತಾ ಪೆನ್ಸಿಲಿನಲ್ಲಿ ಬಹಳ ಸಣ್ಣದಾಗಿ 'ತಲಾ ನಲವತ್ತೇಳು?' ಎಂದು ಬರೆದ, ಜೋರಾಗಿ ಬರೆದರೆ ಕಾಗದಕ್ಕೆ ನೋವಾಗುತ್ತದೆ ಎನ್ನುವ ಹಾಗೆ. ಕುರೊಯ್ವಾ ಅದನ್ನು ನೋಡಿದರು, ರಬ್ಬರು ತೆಗೆದು ತಾವೇ ಅಳಿಸಿದರು, ಪುಡಿಯನ್ನು ಉಫ್ ಎಂದು ಊದಿದರು. 'ಆ ಪುಸ್ತಕ ಬರೆದೋರು ಯಾವತ್ತಾದ್ರೂ ಕೇಬಲ್ ಎಳೆದಿದಾರೇನಯ್ಯಾ? ನಿನಗೆ ಊಟ ಹಾಕಿದ್ದು ಯಾವ ಮಾತು, ಮರೆತುಬಿಟ್ಯಾ?' ಕೋಣೆಯಲ್ಲಿ ಎಂಟು ಜನ ಇದ್ದರು, ಎಂಟೂ ಜನ ನಕ್ಕರು, ತೊಕಿತಾನೂ ನಕ್ಕ. ಮೂರು ಮೀಟರು ತಂತಿ ಹಾಕಿ ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಎಲ್ಲ ಚೆನ್ನಾಗಿಯೇ ಬಂತು. ಮೂರು ಮೀಟರಿನಲ್ಲಿ ಯಾವ ಸುಳ್ಳೂ ನಡೆಯುತ್ತದೆ. ನಕ್ಷೆಯ ಕೆಳಗೆ, ಸಹಿಯ ಬದಲು ಒತ್ತುವ ಹೆಸರಿನ ಮೊಹರಿಗೆ ಚೌಕಗಳಿದ್ದವು, ಎಡಗಡೆಯದು ದೊಡ್ಡವರದು, ಬಲಗಡೆಯದು ಚಿಕ್ಕವರದು. ಚಿಕ್ಕವನು ತನ್ನ ಮೊಹರನ್ನು ನೆಟ್ಟಗೆ ಒತ್ತಬಾರದು, ತುಸು ಎಡಕ್ಕೆ ವಾಲಿಸಿ ಒತ್ತಬೇಕು, ಕೆಂಪು ಹೆಸರೇ ದೊಡ್ಡವರ ಹೆಸರಿಗೆ ತಲೆಬಾಗಿದಂತೆ. ಅವರ ಕಂಪನಿಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ತಪ್ಪುವುದೂ ಇಲ್ಲ. ತೊಕಿತಾ ವಾಲಿಸಿ ಒತ್ತಿದ. ಅವತ್ತು ಸಂಜೆ ಉಗ್ರಾಣದಿಂದ ನಲವತ್ತೇಳು ಓಮಿನ ಎರಡು ರೆಸಿಸ್ಟರು ತೆಗೆದು, ತೆಳುಕಾಗದದಲ್ಲಿ ಸುತ್ತಿ, ತನ್ನ ಮೊಹರಿನ ಪುಟ್ಟ ಡಬ್ಬಿಯೊಳಗೆ ಇಟ್ಟುಕೊಂಡ. ಯಾಕೆಂದು ತನಗೇ ಹೇಳಿಕೊಳ್ಳಲಿಲ್ಲ. ಕೆಲವರು ಜೇಬಿನಲ್ಲಿ ದೇವರ ತಾಯಿತ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಅಂದುಕೊಂಡ.

"ಎಂಥ ಮಾರಾಯ್ರೆ, ಮುಖ ಹೀಗೆ ಮಾಡಿದ್ದೀರಿ? ಚಾ ಕುಡೀರಿ," ಎಂದು ಒನೊದೆರಾ ಬಟ್ಟಲು ಮುಂದೆ ತಳ್ಳಿದ. ಕುರೊಯ್ವಾ ನಿಲಯದ ಮುಖ್ಯಸ್ಥರ ಕೋಣೆಗೆ ಹೋಗಿದ್ದರು. ಗಾಜಿನಾಚೆ ಈಗ ಹಾಡು.

"ನಿನ್ನೆ ಸಂಜೆ ನೀವು ಪ್ರಸಾರದ ಕೋಣೇಲಿ ಅಂಕಿ ಎಣಿಸೋ ಹಳೇ ಪೆಟ್ಟಿಗೆಯನ್ನೂ ಅದೇ ತಂತಿಗೆ ಸೇರಿಸಿದ್ರಾ, ಒನೊದೆರಾ ಸಾನ್?" ತೊಕಿತಾ ಆದಷ್ಟು ಸಲೀಸಾಗಿ ಕೇಳಿದ.

"ಸೇರಿಸದೆ ಮತ್ತೆ? ಒಂದು ಸತ್ರೆ ಇನ್ನೊಂದು ಬೇಕಲ್ಲ. ನಿಮ್ಮ ಕಚೋನೇ ಹೇಳಿದ್ದು, ಎಷ್ಟು ಬೇಕಾದ್ರೂ ಸೇರಿಸಿ, ನಮ್ಮ ಯಂತ್ರ ಜಗ್ಗೂದಿಲ್ಲ ಅಂತ." ಕುರೊಯ್ವಾರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮುಖ್ಯಸ್ಥ ಎಂಬ ಅರ್ಥದಲ್ಲಿ ಕಚೋ ಎಂದೇ ಕರೆಯುತ್ತಿದ್ದರು. ಒನೊದೆರಾನಿಗೂ ಎರಡೇ ದಿನದಲ್ಲಿ ಅದು ರೂಢಿಯಾಗಿತ್ತು. "ಯಾಕೆ, ಸೇರಿಸ್ಬಾರ್ದಿತ್ತಾ?"

"ಇಲ್ಲ ಇಲ್ಲ. ಸುಮ್ನೆ ಕೇಳಿದೆ."

"ನಮ್ಗೆ ಧ್ವನಿ ನಿಲ್ಬಾರ್ದು, ಅಷ್ಟೇ. ನಿಮ್ಮಂಥ ಟೋಕಿಯೊದವ್ರಿಗೆ ಇದು ಹಾಡು ಕೇಳುವ ವಸ್ತು." ಒನೊದೆರಾ ಕಿಟಕಿಯ ಕಡೆ ಗಲ್ಲ ಎತ್ತಿದ. ಕೆಳಗೆ ಕೊಲ್ಲಿ, ವಾಕಾಮೆ ಪಾಚಿ ತುಂಬಿದ ದೋಣಿಗಳು ಒಂದೊಂದಾಗಿ ಬರುತ್ತಿದ್ದವು. "ನಾನು ಹದಿನಾಲ್ಕು ವರ್ಷದವ ಇದ್ದೆ, ಚಿಲಿಯ ಅಲೆ ಬಂದಾಗ. ನೆಲ ಅಲುಗಲೇ ಇಲ್ಲ ಕಾಣಿ. ಬೆಳಿಗ್ಗೆ ಎದ್ದು ನೋಡಿದ್ರೆ ಸಮುದ್ರದ ನೀರು ಇಳಿದುಹೋಗಿತ್ತು. ಯಾರೂ ಏನೂ ಹೇಳ್ಲಿಲ್ಲ. ಹೇಳುವವ್ರು ಇರ್ಲಿಲ್ಲ. ನನ್ನ ತಂಗಿ ಮೀನು ಹೆಕ್ಕಿಕೊಳ್ಳುವಾ ಅಂತ ಇಳಿದು ಹೋದ್ಲು, ಪಾತ್ರೆ ಹಿಡ್ಕೊಂಡು." ಅವನು ಚಹಾ ಊದಿದ. "ಈಗ ಜನಕ್ಕೆ ಈ ಪೆಟ್ಟಿಗೆ ಮೇಲೆ ನಂಬಿಕೆ. ಕಿಕುಚಿ ಮಾತಾಡ್ತಾ ಇದ್ರೆ ಹತ್ತುತ್ತಾ ಇರ್ತಾರೆ. ಅವ್ಳು ನಿಂತ್ಲು ಅಂದ್ರೆ ಮುಗೀತು ಅಂತ ವಾಪಸ್ ಇಳೀತಾರೆ. ಅಜ್ಜಿಯಂದ್ರಂತೂ ಕೊಡೆ ಮರ್ತೆ, ಪಾಸ್‌ಬುಕ್ ಮರ್ತೆ ಅಂತ ನೆಪ ಕಾಯ್ತಾ ಇರ್ತಾರೆ ಮಾರಾಯ್ರೆ." ಅವನು ನಕ್ಕ.

ಹೇಳಿಬಿಡಬಹುದಿತ್ತು. ಆ ಹೊತ್ತಿಗೆ ಕೋಣೆಯಲ್ಲಿ ಇಬ್ಬರೇ. ನಾಲಿಗೆಯ ತುದಿಗೆ ಬಂದದ್ದನ್ನು ಅವನು ಚಹಾದ ಜೊತೆ ನುಂಗಿ, ತಂತಿ ಒಂದ್ಸಲ ನೋಡಿ ಬರ್ತೀನಿ ಎಂದು ಎದ್ದ. ಪ್ರಸಾರದ ಕೋಣೆಯಲ್ಲಿ ಚಳಿ. ಅಲೆ ನೋಡುವ ಸ್ಕೋಪನ್ನು ತಂತಿಯ ತುದಿಗೆ ಸಿಕ್ಕಿಸಿದಾಗ ಹಸಿರು ಗೆರೆ ಪರದೆಯ ಮೇಲೆ ಎದ್ದು ನಿಂತಿತು, ಚೌಕಾಕಾರದ ಅಲೆಗಳು, ಪ್ರತಿಯೊಂದರ ಹೆಗಲ ಮೇಲೂ ಒಂದು ಮೆಟ್ಟಿಲು. ಹಿಂದಿನದರ ಎಂಜಲು. ಅಂದರೆ ಕಿವಿಯ ಚೇಷ್ಟೆಯಲ್ಲ. ತಾನು ಪೆನ್ಸಿಲಿನಲ್ಲಿ ಬರೆದದ್ದು ಸರಿಯಾಗಿತ್ತು ಎಂಬುದಕ್ಕೆ ಒಂದು ಕ್ಷಣ ಅವನಿಗೆ ಸಂತೋಷವಾಯಿತು; ಆ ಸಂತೋಷವನ್ನು ಕಂಡು ತನ್ನ ಮೇಲೆ ಹೇಸಿಗೆಯಾಯಿತು. ಒನೊದೆರಾನ ತಂಗಿಯ ಕೈಯಲ್ಲಿದ್ದ ಪಾತ್ರೆ ಅಲ್ಯೂಮಿನಿಯಮ್ಮಿನದಿರಬೇಕು, ಆ ಕಾಲದ್ದು, ಎಂದು ಯಾಕೋ ಅನಿಸಿತು. ಕೊಲ್ಲಿಯ ಬಾಯಿ ಕಿರಿದು. ಒಳಗೆ ನುಗ್ಗಿದ ಅಲೆ ದಡಕ್ಕೆ ಬಡಿದು ಹಿಂದಿರುಗುತ್ತದೆ, ಹಿಂದೆ ಬರುವ ಅಲೆಯ ಮೇಲೇರಿ ಮತ್ತೆ ದಡಕ್ಕೆ ಬರುತ್ತದೆ, ಮೊದಲನೆಯದಕ್ಕಿಂತ ಎರಡನೆಯದು ದೊಡ್ಡದು ಎಂದು ಈ ಊರಿನ ಮಕ್ಕಳಿಗೂ ಗೊತ್ತು. ಅವನು ಪರದೆಯಿಂದ ಕಣ್ಣು ತೆಗೆಯಲಾರದೆ ನಿಂತಿದ್ದ.

"ಅಲ್ಲೇನ್ ಮಾಡ್ತಿದೀಯ?"

ಕುರೊಯ್ವಾ ಬಾಗಿಲಲ್ಲಿದ್ದರು. ತೊಕಿತಾನ ಕೈ ತಾನೇ ಹೋಗಿ ಸ್ಕೋಪಿನ ಗುಂಡಿ ಒತ್ತಿತು, ಹಸಿರು ಗೆರೆ ಒಂದು ಚುಕ್ಕೆಯಾಗಿ ಆರಿತು. ನಲವತ್ತೊಂದು ವರ್ಷದ ಗಂಡಸು, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವನ ಹಾಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಏನಿಲ್ಲ ಕಚೋ. ಸ್ಕೋಪು ಬಿಸಿಯಾಗಿತ್ತು, ಆರಿಸೋಣ ಅಂತ."

"ಈ ಚಳೀಲಿ ಬಿಸಿಯಾಯ್ತಾ?" ಅವರು ಅವನನ್ನು ನೋಡಿದರು, ಆರಿದ ಪರದೆಯನ್ನು ನೋಡಿದರು. "ಬಾ, ಹೊಟ್ಟೆ ಹಸೀತಿದೆ."

ಬಂದರಿನ ಬಳಿಯ ಆ ಊಟದ ಮನೆಯಲ್ಲಿ ಐದೇ ಮಣೆ. ಸುಟ್ಟ ಬಂಗುಡೆ, ಅನ್ನ, ಹಸಿರು ವಾಕಾಮೆ ತೇಲುವ ಬಿಸಿ ಸಾರು. ಕುರೊಯ್ವಾ ಮೀನಿನ ಮುಳ್ಳನ್ನು ಒಂದೇ ಎಳೆತದಲ್ಲಿ ಬಿಡಿಸುವುದು ಕಂಪನಿಯಲ್ಲೆಲ್ಲ ಹೆಸರುವಾಸಿ. ಇವತ್ತು ಅದು ನಡುವೆ ಮುರಿಯಿತು. ಅವರು ಅದನ್ನು ತಟ್ಟೆಯ ಅಂಚಿಗೆ ಸರಿಸಿ ಮಾತಾಡುತ್ತಲೇ ಹೋದರು. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಇದೇ ಕೊನೆಯ ಯಂತ್ರ. ಬೀಳ್ಕೊಡುಗೆಯಲ್ಲಿ ಭಾಷಣ ಮಾಡಬೇಕಂತೆ, ಏನು ಮಾತಾಡುವುದು, ಮೂವತ್ತೈದು ವರ್ಷ ತಂತಿ ಜೋಡಿಸಿದೆ ಅನ್ನಲೇ? ಹೆಂಡತಿ ಮನೆಯಲ್ಲಿ ಜಾಗವಿಲ್ಲ ಎಂದು ಈಗಲೇ ಅವರ ಹಳೆಯ ಯಂತ್ರಗಳನ್ನು ಗುಜರಿಯವನಿಗೆ ತೋರಿಸಿದ್ದಾಳಂತೆ. ನಕ್ಕರು. ತೊಕಿತಾ ಅವರ ಹಣೆಯನ್ನೇ ನೋಡುತ್ತಿದ್ದ. ಹದಿನೆಂಟು ವರ್ಷದ ಹಿಂದೆ ಆ ಹಣೆ ಒಂದು ರೆಕಾರ್ಡಿಂಗ್ ಮನೆಯ ಚಾಪೆಗೆ ತಗುಲಿತ್ತು. ತೊಕಿತಾ ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಹಳೆಯ ಮೈಕಿಗೆ ಕೊಡಬಾರದ ವಿದ್ಯುತ್ತು ಕೊಟ್ಟ. ಕೂದಲಿಗಿಂತ ತೆಳುವಾದ ಅದರ ಬೆಳ್ಳಿಬಣ್ಣದ ಪಟ್ಟಿ ಟಪ್ ಎಂದು ಹರಿಯಿತು, ಆ ಊರಲ್ಲಿ ಅಂಥದ್ದು ಮತ್ತೊಂದಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಕುರೊಯ್ವಾ ಮಂಡಿಯೂರಿ, ತಪ್ಪು ನನ್ನದು, ನನ್ನ ಕೈ ಜಾರಿತು ಎಂದರು. ಆಚೆ ಬಂದ ಮೇಲೆ ಒಂದು ಮಾತೂ ಬೈಯಲಿಲ್ಲ, ನೂಡಲ್ಸು ಕೊಡಿಸಿದರು. ಬೈದಿದ್ದರೆ ಆ ಋಣ ಅಲ್ಲಿಗೇ ತೀರುತ್ತಿತ್ತೇನೋ. ಈಗ ಆ ಮನುಷ್ಯನ ಕೊನೆಯ ಯಂತ್ರದ ಮೇಲೆ, ಹೊರಗಿನವರ ಎದುರು, ನಿಮ್ಮ ಮಂತ್ರ ತಪ್ಪು ಎಂದು ಹೇಗೆ ಹೇಳುವುದು? ಹೇಳದಿದ್ದರೆ ಕೊಡೆ ಮರೆತ ಅಜ್ಜಿಯರು ಇಳಿದು ಬರುತ್ತಾರೆ.

ಅಡುಗೆ ಕಟ್ಟೆಯ ಮೇಲಿದ್ದ ರೇಡಿಯೊದಲ್ಲಿ ಕಿಕುಚಿ ಕವಾಯತಿನ ಸಮಯ ಹೇಳುತ್ತಿದ್ದಳು. ಮೂರು ಗಂಟೆಗೆ ಸರಿಯಾಗಿ ಎಲ್ಲರೂ. ಮತ್ತೆ ಏನೂ ಇಲ್ಲ. ಈ ಸಲ ಎಣಿಸಲು ಹೊತ್ತು ಸಿಕ್ಕಿತು, ಒಂದು, ಎರಡು. ಊಟ ಬಡಿಸುವ ಹೆಂಗಸು ಕೈಯಲ್ಲಿದ್ದ ಸೌಟನ್ನು ಬಿಟ್ಟು ರೇಡಿಯೊದ ತಲೆಗೆ ಪಟ್ಟೆಂದು ಹೊಡೆದಳು. ಧ್ವನಿ ವಾಪಸು ಬಂತು. "ನೋಡಿ, ಹೊಡೆದ್ರೆ ಮಾತ್ರ ಕೇಳ್ತದೆ, ನಮ್ಮನೆ ಗಂಡಸಿನ ಹಾಗೆ," ಎಂದಳು. ತೊಕಿತಾ ತಲೆಯೆತ್ತದೆ ಕುರೊಯ್ವಾರ ಕೈಯ ಊಟದ ಕಡ್ಡಿಗಳನ್ನು ನೋಡಿದ. ಅವು ಮೀನಿನ ಮೇಲೆ ಹಾಗೇ ನಿಂತಿದ್ದವು.

"ಹಳೇ ರೇಡಿಯೊ," ಎಂದರು ಕುರೊಯ್ವಾ.

"ಹೌದು," ಎಂದ ತೊಕಿತಾ.

ಎರಡು ಗಂಟೆಗೆ ಹಸ್ತಾಂತರದ ಕಾಗದ ಮೇಜಿನ ಮೇಲಿತ್ತು, ಪಕ್ಕದಲ್ಲಿ ನಕ್ಷೆಯ ಕಟ್ಟು, ಕೆಂಪು ಮಸಿಯ ದಿಂಡು. ಈ ಕಾಗದದ ಮೇಲೆ ಮೂರು ಮೊಹರು ಬಿದ್ದರೆ ಯಂತ್ರ ಊರಿನದಾಗುತ್ತದೆ, ಮುಂದಿನದು ಊರಿನ ಹಣೆಬರಹ. ಒನೊದೆರಾ ಮೊಹರು ಕೈಯಲ್ಲಿ ಹಿಡಿದು ಸಿದ್ಧನಾಗಿ ಕೂತಿದ್ದ. ಪದ್ಧತಿಯಂತೆ ಚಿಕ್ಕವನು ಮೊದಲು. ತೊಕಿತಾ ಒಳಜೇಬಿನಿಂದ ಡಬ್ಬಿ ತೆಗೆದ. ಅವನು ಯೋಚಿಸುತ್ತಿದ್ದದ್ದು ಒಂದೇ, ಒತ್ತಿದ ಮೇಲೆ ಹೆದರಿಕೆ ಕಡಿಮೆಯಾಗಬಹುದು. ಆಗಿಹೋದದ್ದಕ್ಕೆ ಯಾರೂ ಇಷ್ಟು ಹೆದರುವುದಿಲ್ಲ. ಡಬ್ಬಿಯನ್ನು ಅವಸರದಲ್ಲಿ ತೆರೆದ. ಮುಚ್ಚಳ ಹಾರಿತು, ಮೊಹರು ಉರುಳಿತು, ಅದರ ಹಿಂದೆ ತೆಳುಕಾಗದದ ಪೊಟ್ಟಣ ಬಿಚ್ಚಿಕೊಂಡು ಎರಡು ರೆಸಿಸ್ಟರುಗಳು ಹಸ್ತಾಂತರದ ಕಾಗದದ ನಟ್ಟನಡುವೆ ಬಂದು ಬಿದ್ದವು.

"ಎಂಥದ್ದದು?" ಎಂದ ಒನೊದೆರಾ.

"ಏನಿಲ್ಲ," ತೊಕಿತಾ ಅವುಗಳ ಮೇಲೆ ಅಂಗೈ ಮುಚ್ಚಿದ. "ಯಾವಾಗಿಂದಲೋ ಸೇರ್ಕೊಂಡಿತ್ತು. ಉಪಯೋಗಕ್ಕೆ ಬಾರದ್ದು."

"ಕೈ ತೆಗಿ," ಎಂದರು ಕುರೊಯ್ವಾ.

ಅವನು ತೆಗೆದ. ಅವರು ಕನ್ನಡಕ ಹುಡುಕಲಿಲ್ಲ, ಬಗ್ಗಲೂ ಇಲ್ಲ. ಅವುಗಳ ಮೈಮೇಲಿನ ಬಣ್ಣದ ಪಟ್ಟಿಗಳನ್ನು ಮಾರು ದೂರದಿಂದ ಓದುವುದು ಅವರಿಗೆ ಮಗ್ಗಿ ಹೇಳಿದಷ್ಟು ಸುಲಭ. "ಹಳದಿ, ನೇರಳೆ, ಕಪ್ಪು," ಎಂದರು. "ನಲವತ್ತೇಳು. ಎರಡು." "ಎಷ್ಟು ದಿನದಿಂದ ಇಟ್ಕೊಂಡಿದೀಯ?"

"ಕಚೋ, ಅದು..."

"ಎಷ್ಟು ದಿನ?"

"ಆರು ತಿಂಗಳು."

"ಬೆಳಿಗ್ಗೆ ನಿಂತಿದ್ದು ನಿನಗೂ ಕೇಳ್ತು."

ತೊಕಿತಾ ಆ ಒಂದು ಮಾತಿಗೆ ತಲೆಯೆತ್ತಿದ. ನಿನಗೂ. ಹೆಡ್‌ಫೋನು ಹಾಕದೆ, ಪುರಿ ಅಗಿಯುತ್ತ ಕೂತಿದ್ದ ಮುದುಕ ಹೊರಗಿನ ಯಾವುದೋ ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದಾನೆ, ಇಡೀ ದಿನ ಇವನ ಮುಖವನ್ನೇ ಕಾದಿದ್ದಾನೆ. "ಕೇಳ್ತು," ಎಂದ. ಒಂದು ಸಲ ಬಾಯಿ ಬಿಟ್ಟ ಮೇಲೆ ಮಾತು ಅವನ ಕೈಮೀರಿ ಹೊರಟಿತು. "ಊಟದ ಮನೇಲೂ ಕೇಳ್ತು. ಸ್ಕೋಪಿನಲ್ಲಿ ಮೆಟ್ಟಿಲು ಕಾಣ್ತಿದೆ. ಹಳೇ ಪೆಟ್ಟಿಗೆ ಸೇರಿಸಿದ ಮೇಲೆ ಆ ತುದಿ ಹೊಂದ್ತಿಲ್ಲ, ತಿರುಗಿ ಬರ್ತಿದೆ, ನಮ್ಮ ತುದಿ ಅದನ್ನ ನುಂಗ್ತಿಲ್ಲ. ಅವತ್ತೇ ಹೇಳ್ಬೇಕಿತ್ತು. ಹೇಳಕ್ಕೆ ಹೆದರಿಕೆ ಆಯ್ತು."

"ಯಾರಿಗೆ ಹೆದರಿದೆ? ನನಗಾ?"

"ಹೌದು."

"ಈ ಊರೋರು ಸಮುದ್ರಕ್ಕೆ ಹೆದರ್ತಾರೆ. ನೀನು ನನಗೆ ಹೆದರಿದೆ." ಅವರ ಧ್ವನಿ ಏರಲಿಲ್ಲ. "ನಾನೇನಯ್ಯಾ ಅಷ್ಟು ದೊಡ್ಡೋನು? ತಿಂಗಳು ಕಳೆದ್ರೆ ನನ್ನ ಸಾಮಾನು ಗುಜರಿಗೆ ಹೋಗುತ್ತೆ." ಒನೊದೆರಾನ ಕಡೆ ತಿರುಗಿದರು, ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಹಣೆ ಮರಕ್ಕೆ ತಗುಲುವಷ್ಟು ಬಗ್ಗಿದರು. "ತಪ್ಪು ನನ್ನದು, ಒನೊದೆರಾ ಸಾನ್. ಎಂಟು ನಿಮಿಷ ಹೊಸ ಯಂತ್ರ ನಿಲ್ಲಿಸ್ಬೇಕು. ಅಷ್ಟೊತ್ತು ಹಳೇ ಯಂತ್ರದ ದಾರೀಲಿ ಹಾಡು ಬಿಡಿ." ಹದಿನೆಂಟು ವರ್ಷದ ಹಿಂದೆ ಅವರು ಇದೇ ಮಾತು ಸುಳ್ಳಾಗಿ ಹೇಳಿದ್ದರು. ಇವತ್ತು ನಿಜವಾಗಿ ಹೇಳಿದರು, ಧ್ವನಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಒನೊದೆರಾ ಇಬ್ಬರನ್ನೂ ನೋಡಿ ಎದ್ದು ಹೋದ.

ಬೆಸುಗೆಯನ್ನು ಕುರೊಯ್ವಾ ತಾವೇ ಹಾಕುತ್ತೇನೆಂದರು. ಯಂತ್ರದ ಹಿಂಬದಿಯಲ್ಲಿ, ಆಳು ತೂರುವುದೂ ಕಷ್ಟವಾದ ಸಂದಿಯಲ್ಲಿ ಮೊಣಕಾಲೂರಿ ಕೂತರು. ತೊಕಿತಾ ಟಾರ್ಚು ಹಿಡಿದ. "ಬೆಳಕು ಅಲ್ಲಾಡಿಸ್ಬೇಡ, ನಡುಗೋಕೆ ನನ್ನ ಕೈ ಒಂದು ಸಾಕು," ಎಂದರು. ಅವರ ಕುತ್ತಿಗೆಯ ಹಿಂದೆ ಬಿಳಿ ಕೂದಲು ಸರಿಯಾಗಿ ಕತ್ತರಿಸಿರಲಿಲ್ಲ. ಸೀಸ ಕರಗಿದ ವಾಸನೆ ಬಂತು. ಈ ವಾಸನೆಯಲ್ಲೇ ಅವನು ಕಸುಬು ಕಲಿತದ್ದು, ಇದೇ ಕುತ್ತಿಗೆಯ ಹಿಂದೆ ನಿಂತು. ಹೇಳಿಬಿಟ್ಟ ಮೇಲೆ ಹಗುರವಾಗುತ್ತದೆ ಎಂದು ಜನ ಅನ್ನುತ್ತಾರೆ. ಅವನಿಗೆ ಯಾವ ಹಗುರವೂ ಆಗಲಿಲ್ಲ. ಬೆಳಿಗ್ಗೆ ಹೇಳಿದ್ದರೆ ಈ ಮನುಷ್ಯನಿಗೇ ಗುಟ್ಟಾಗಿ ಹೇಳಬಹುದಿತ್ತು. ಇಬ್ಬರೂ ಸೇರಿ, ಯಾರಿಗೂ ಗೊತ್ತಾಗದ ಹಾಗೆ, ನಗುತ್ತ ಸರಿಮಾಡಬಹುದಿತ್ತು. ಅವರು ಕಾದದ್ದು ಅದಕ್ಕೇ ಇರಬೇಕು. ಸ್ಕೋಪಿನ ಮುಂದೆ ನಿಂತಾಗ ಬಾಗಿಲಿಗೆ ಬಂದು ಅಲ್ಲೇನು ಮಾಡುತ್ತಿದ್ದೀಯ ಎಂದದ್ದು ಗದರಿಕೆಯಾಗಿರಲಿಲ್ಲವೇನೋ. ಅಥವಾ ಅವರೂ ಹೆದರಿದ್ದರೇ, ಇವನು ಹೇಳದಿರಲಿ ಎಂದು ದೇವರಲ್ಲಿ ಬೇಡುತ್ತಿದ್ದರೇ? ಕೇಳಲು ಅವನಿಗೆ ಧೈರ್ಯವಿರಲಿಲ್ಲ, ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮೂರು ಗಂಟೆಗೆ ಕಿಕುಚಿ ಓದತೊಡಗಿದಳು. ಇದು ಕವಾಯತು. ಎತ್ತರದ ಜಾಗಕ್ಕೆ ಹೋಗಿ. ಸಮುದ್ರ ನೋಡಲು ಹೋಗಬೇಡಿ. ಬಿಟ್ಟುಬಂದ ವಸ್ತುವಿಗೆ ಹಿಂದಿರುಗಬೇಡಿ. ತೊಕಿತಾ ಕಿಟಕಿಯ ಬಳಿ ಹೆಡ್‌ಫೋನು ಒತ್ತಿ ಹಿಡಿದು ನಿಂತಿದ್ದ. ಕೆಳಗೆ ದೇವಾಲಯದ ಮೆಟ್ಟಿಲ ಮೇಲೆ ಜನ ಸಾಲಾಗಿ ಹತ್ತುತ್ತಿದ್ದರು, ಬೆನ್ನಿಗೆ ಚೀಲ, ಕೈಯಲ್ಲಿ ಸಣ್ಣ ರೇಡಿಯೊ. ಒಬ್ಬ ಮುದುಕಿ ನಡುವೆ ನಿಂತು ಕೆಳಗೆ ತಿರುಗಿ ನೋಡಿದಳು. ಅವಳು ಯಾಕೆ ನಿಂತಳು? ಧ್ವನಿ ನಿಂತಿತೇ? ಇಲ್ಲ, ಅವನ ಕಿವಿಯಲ್ಲಿ ಕಿಕುಚಿ ಮಾತಾಡುತ್ತಲೇ ಇದ್ದಳು. ಆದರೂ ಅವನಿಗೆ ಪ್ರತಿಯೊಂದು ಶಬ್ದದ ಅಂಚಿನಲ್ಲಿ ಹಳ್ಳ ಕಾಣುತ್ತಿತ್ತು, ಪ್ರತಿ ಸಲ ಅವಳು ಉಸಿರು ತೆಗೆದುಕೊಂಡಾಗಲೂ ಅವನ ಎದೆ ನಿಂತು ಹೋಗುತ್ತಿತ್ತು. ಮುದುಕಿ ಸೊಂಟ ಹಿಡಿದು ಮತ್ತೆ ಹತ್ತತೊಡಗಿದಳು. ಒಂಬತ್ತು ನಿಮಿಷ ಧ್ವನಿ ಎಲ್ಲೂ ಇಲ್ಲವಾಗಲಿಲ್ಲ. ಪ್ರಸಾರದ ಕೋಣೆಯಲ್ಲಿ ಸ್ಕೋಪು ನೋಡುತ್ತಿದ್ದ ಒನೊದೆರಾ ಬಂದು, "ಮೆಟ್ಟಿಲು ಹೋಯ್ತು ಮಾರಾಯ್ರೆ, ಎರಡು ಕಡ್ಡಿಗೆ ಇಷ್ಟೆಲ್ಲ ಉಂಟಾ?" ಎಂದ.

ತಿದ್ದಿದ್ದನ್ನು ನಕ್ಷೆಯಲ್ಲೂ ತಿದ್ದಬೇಕು, ಇಲ್ಲದಿದ್ದರೆ ಮುಂದೆ ಯಾರೋ ಈ ನಕ್ಷೆ ನೋಡಿ ಮತ್ತೆ ಅದೇ ತಪ್ಪು ಮಾಡುತ್ತಾರೆ. ಕುರೊಯ್ವಾ ಹಾಳೆ ಬಿಡಿಸಿದರು. ಆರು ತಿಂಗಳ ಹಿಂದಿನ ಎರಡು ಮೊಹರುಗಳು ಅಲ್ಲೇ ಇದ್ದವು, ಅವರದು ನೆಟ್ಟಗೆ, ತೊಕಿತಾನದು ಅದರ ಕಡೆ ವಾಲಿಕೊಂಡು. ಪೆನ್ಸಿಲಿನ ಬರಹ ಅಳಿಸಿದ ಜಾಗದಲ್ಲಿ ಕಾಗದ ಇನ್ನೂ ಸ್ವಲ್ಪ ಒರಟಾಗಿತ್ತು, ಅವರು ಅದರ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಬರಿಯ ಗೆರೆಯ ಮೇಲೆ ಎರಡು ಅಡ್ಡಗೆರೆ ಹಾಕಿ, ಮಸಿಯಲ್ಲಿ ಎರಡು ರೆಸಿಸ್ಟರು ಬರೆದು, ಪಕ್ಕದಲ್ಲಿ 'ತಲಾ ನಲವತ್ತೇಳು' ಎಂದು ದಪ್ಪಗೆ ಬರೆದರು. ಪ್ರಶ್ನೆಯ ಗುರುತು ಇರಲಿಲ್ಲ. ತಿದ್ದಿದ್ದಕ್ಕೆ ಇಬ್ಬರ ಮೊಹರೂ ಬೀಳಬೇಕು.

"ಮೊದಲು ನೀನು," ಎಂದರು. "ನೆಟ್ಟಗೆ ಒತ್ತು."

ಮೊಹರನ್ನು ಮಸಿಗೆ ಅದ್ದಿ ತೊಕಿತಾ ಕಾಗದದ ಮೇಲೆ ಹಿಡಿದ. ಹದಿನೆಂಟು ವರ್ಷದ ಅಭ್ಯಾಸ ಮಣಿಕಟ್ಟಿನಲ್ಲಿ ಕೂತಿತ್ತು, ಅದು ತಾನಾಗಿ ಎಡಕ್ಕೆ ತಿರುಗಿತು. ಅವನು ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಿದ, ಒತ್ತಿದ. ಅವನ ಹೆಸರು ಕಾಗದದ ಮೇಲೆ ನೆಟ್ಟಗೆ ನಿಂತಿತು. ತನ್ನ ಹೆಸರು ಹೀಗೆ ನಿಂತಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ, ಬೆತ್ತಲೆ ನಿಂತ ಹಾಗೆ ನಾಚಿಕೆಯಾಯಿತು. ಕುರೊಯ್ವಾ ತಮ್ಮ ಮೊಹರು ತೆಗೆದುಕೊಂಡರು. ಬಾಯಿಯ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟು, ಮಸಿಗೆ ತಾಗಿಸಿ, ಎಡಗಡೆಯ ಜಾಗದಲ್ಲಿ ಅವಸರವಿಲ್ಲದೆ ಒತ್ತಿದರು. ಕೈಯೆತ್ತಿದಾಗ ಅವರ ಹೆಸರು ಬಲಕ್ಕೆ, ತೊಕಿತಾನ ಹೆಸರಿನ ಕಡೆಗೆ, ಚೆನ್ನಾಗಿ ಬಾಗಿತ್ತು.

ಒನೊದೆರಾ ಹೆಗಲ ಮೇಲಿಂದ ಇಣುಕಿ ನೋಡಿ ಚ್ ಚ್ ಎಂದ. "ಅಯ್ಯೋ, ಕಡೇ ಗಳಿಗೇಲಿ ಕೈ ಜಾರ್ತಲ್ಲ ನಿಮ್ದು. ಸೊಟ್ಟ ಬಿದ್ದಿದೆ. ಇನ್ನೊಂದು ಪ್ರತಿ ತರ್ಲಾ?"

"ಬೇಡ, ಒನೊದೆರಾ ಸಾನ್," ಎಂದರು ಕುರೊಯ್ವಾ, ಮಸಿ ಆರಲೆಂದು ಊದುತ್ತ. "ಸರಿಯಾಗೇ ಇದೆ."